ಹೊಸ ನಾಡಿನ ಹೊಸ್ತಿಲಲ್ಲಿ: ವಲಸೆಯ ಕನ್ನಡ ಬರಹಗಳನ್ನು ಯೆಣೆಗೂರಿನಿಂದ ಓದುವಾಗ

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ನಳದುರ್ಗ ದಾಟಿ ಉಮರ್ಗಾ ಬರುವ ಮುನ್ನ ನಮ್ಮ ಯೆಣೆಗೂರ ಸಿಗುತ್ತದೆ. ಊರು ಬಿಟ್ಟು ಹೊರಟವರೆಲ್ಲ ಈ ರಸ್ತೆಯಿಂದಲೇ ಹೊರಟವರು. ಪಡುವಣಕ್ಕೆ ಹೋದವರು ಸೊಲ್ಲಾಪುರದ ಗಿರಣಿಗಳನ್ನು, ಪುಣೆ ಮುಂಬಯಿಗಳನ್ನು ಸೇರಿದರು; ಮೂಡಣಕ್ಕೆ ಹೋದವರು ಹೈದರಾಬಾದನ್ನು ಸೇರಿದರು. ಈಗಿನ ಮಕ್ಕಳು ಅದೇ ರಸ್ತೆ ಹಿಡಿದು ವಿಮಾನ ನಿಲ್ದಾಣಕ್ಕೆ ಹೋಗುತ್ತಾರೆ. ನನ್ನ ಅಣ್ಣನ ಮಗ ಹೆಚ್ಚಿನ ಓದಿಗಾಗಿ ಜರ್ಮನಿಗೆ ಹೊರಡುವ ಹಿಂದಿನ ವಾರ ನನ್ನ ಪುಸ್ತಕದ ಕಪಾಟಿನ ಮುಂದೆ ನಿಂತು ಕೇಳಿದ: “ಕಾಕಾ, ಅಲ್ಲಿ ಇಳದ ಮ್ಯಾಲ ಏನೇನ್ ಆಗ್ತದ? ಇಷ್ಟೆಲ್ಲ ಪುಸ್ತಕಾ ಓದೀರಿ, ಯಾವುದರಾಗರೆ ಬರ್ದಾರೇನು?”

ಅವನ ಕೈಯಲ್ಲಿ ಆಗಲೇ ಒಂದು ಪಟ್ಟಿ ಇತ್ತು. ಅಲ್ಲಿ ಮೊದಲೇ ಇದ್ದ ಗೆಳೆಯರು ಬರೆದುಕೊಟ್ಟದ್ದು. ಮನೆ ಹಿಡಿದ ಎರಡು ವಾರಗಳೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅಂಚೆ ಪೆಟ್ಟಿಗೆಯ ಮೇಲೆ ತನ್ನ ಹೆಸರು ಅಂಟಿಸಬೇಕು, ಇಲ್ಲದಿದ್ದರೆ ಪತ್ರ ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತಂದಿಡಬೇಕು. ಇವೆಲ್ಲ ಬೇಕಾದ ಮಾತುಗಳೇ. ಆದರೆ ಪಟ್ಟಿ ಕೈಯಲ್ಲಿದ್ದೂ ಹುಡುಗ ಸಾಹಿತ್ಯವನ್ನು ಕೇಳಿದನೆಂದರೆ, ಪಟ್ಟಿಯಲ್ಲಿಲ್ಲದ ಯಾವುದೋ ಒಂದರ ಭಯ ಅವನಿಗಿತ್ತು. ಆ ಭಯಕ್ಕೆ ಕನ್ನಡ ಸಾಹಿತ್ಯ ಏನು ಉತ್ತರ ಕೊಡುತ್ತದೆ ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ. ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಹೋಗುವವನನ್ನು ಸಿದ್ಧಪಡಿಸುವ ಬರಹ ನಮ್ಮಲ್ಲಿ ಸಾಕಷ್ಟಿದೆ. ಆದರೆ ಹಿಂದೆ ಉಳಿಯುವ ಮನೆಯೂ ಸಿದ್ಧವಾಗಬೇಕು ಎಂದು ಹೇಳಿದ ಕೃತಿಗಳು ಕೆಲವೇ, ಮತ್ತು ನಮ್ಮ ಒಳ್ಳೆಯ ವಲಸೆ ಸಾಹಿತ್ಯ ಅವುಗಳಲ್ಲೇ ಇದೆ.

ಅತಿಥಿಯ ಬರಹ

ಪರದೇಶದ ಬಗ್ಗೆ ಕನ್ನಡದಲ್ಲಿ ಮೊದಲು ಬೆಳೆದದ್ದು ಪ್ರವಾಸ ಸಾಹಿತ್ಯ. ವಿ.ಕೃ. ಗೋಕಾಕರು ಓದಲೆಂದು ಇಂಗ್ಲೆಂಡಿಗೆ ಹೋದವರು. ಹಡಗಿನ ಪ್ರಯಾಣ ಅವರಿಗೆ ‘ಸಮುದ್ರ ಗೀತೆಗಳು’ ಕೊಟ್ಟಿತು, ಅಲ್ಲಿನ ವಾಸ ‘ಸಮುದ್ರದಾಚೆಯಿಂದ’ ಕೊಟ್ಟಿತು. ಶಿವರಾಮ ಕಾರಂತರು ಯುರೋಪನ್ನು ಸುತ್ತಿ ‘ಅಪೂರ್ವ ಪಶ್ಚಿಮ’ ಬರೆದರು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಎಪ್ಪತ್ತು ದಾಟಿದ ಮೇಲೆ ಸಾಗರ ದಾಟಿ ಬರೆದ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೇಮಾವತಿಯ ದಂಡೆಯ ಹಳ್ಳಿಯನ್ನು ಜೀವನವಿಡೀ ಬರೆದ ಲೇಖಕನ ಕಣ್ಣು ಒಂದು ಮಹಾದೇಶವನ್ನು ಕಂಡಾಗ ಅದರಲ್ಲಿ ದ್ವೇಷವೂ ಇಲ್ಲ, ಬೆರಗಿನಿಂದ ಮಂಡಿಯೂರುವ ದೈನ್ಯವೂ ಇಲ್ಲ. ಗೊರೂರರಿಗೆ ತಮ್ಮ ಊರೇ ಅಳತೆಗೋಲು. ಹೊಸದನ್ನು ಹಳೆಯದರ ಪಕ್ಕದಲ್ಲಿಟ್ಟು ನಗುತ್ತ ನೋಡುವ ಆ ಗುಣ ಹೊಸ ನಾಡಿಗೆ ಹೋಗುವ ಯಾರಿಗಾದರೂ ಒಳ್ಳೆಯ ಬುತ್ತಿ.

ಆದರೂ ಈ ಬರಹಗಳಿಗೆಲ್ಲ ಒಂದು ಮಿತಿ ಇದೆ. ಇವು ಅತಿಥಿಯ ಬರಹಗಳು. ಅತಿಥಿಯ ಜೇಬಿನಲ್ಲಿ ಹಿಂದಿರುಗುವ ಟಿಕೆಟ್ ಇರುತ್ತದೆ. ಅವನಿಗೆ ಚಳಿ ಒಂದು ಅನುಭವ; ನೆಲೆಸುವವನಿಗೆ ಅದೇ ಚಳಿ ಪ್ರತಿ ವರ್ಷ ಐದು ತಿಂಗಳು. ಅತಿಥಿಯನ್ನು ಕರೆದುಕೊಂಡು ಹೋಗಲು ಯಾರೋ ಬಂದಿರುತ್ತಾರೆ. ಅಡುಗೆ, ಬಾಡಿಗೆ, ಕಾಗದಪತ್ರ ಅವರ ಚಿಂತೆ. ಮುಖ್ಯವಾಗಿ ಅತಿಥಿ ಬಿಟ್ಟು ಬಂದ ಮನೆ ಅವನು ಮರಳುವ ತನಕ ಹಾಗೆಯೇ ಇರುತ್ತದೆ, ಇಲ್ಲವೇ ಹಾಗೆಯೇ ಇದೆಯೆಂದು ಅವನು ನಂಬಬಹುದು. ನೆಲೆಸಲು ಹೋದವನಿಗೆ ಈ ನಂಬಿಕೆಯ ಸೌಕರ್ಯವಿಲ್ಲ. ಪ್ರವಾಸ ಕಥನ ಹೊಸ ನಾಡನ್ನು ತೋರಿಸಬಲ್ಲದು. ಬಿಟ್ಟು ಬಂದ ಮನೆ ಬದಲಾಗುವುದನ್ನು ತೋರಿಸುವುದು ಅದರ ಕೆಲಸವಲ್ಲ.

ಇವೆರಡರ ನಡುವೆ ನಿಂತದ್ದು ವಿದ್ಯಾರ್ಥಿಯ ಬರಹ. ಹೊನ್ನಾವರದ ಕಡೆಯ ಕೃಷ್ಣಾನಂದ ಕಾಮತರ ‘ನಾನೂ ಅಮೆರಿಕೆಗೆ ಹೋಗಿದ್ದೆ’ ಎಂಬ ಶೀರ್ಷಿಕೆಯಲ್ಲಿರುವ ‘ನಾನೂ’ ಎಂಬ ಒಂದು ಪದವನ್ನು ನೋಡಿದರೆ ಸಾಕು. ಎಲ್ಲರೂ ಹೋಗುತ್ತಿದ್ದ ಕಾಲದ ಗೀಳನ್ನೂ, ಹೋಗಿಬಂದವನ ಸಣ್ಣ ಜಂಬವನ್ನೂ ಅದು ಒಟ್ಟಿಗೇ ಕಿಚಾಯಿಸುತ್ತದೆ. ಆದರೆ ಆ ಶೀರ್ಷಿಕೆಯ ಕ್ರಿಯಾಪದವೂ ‘ಹೋಗಿದ್ದೆ’; ಅಂದರೆ ಹೋಗಿ ಬಂದದ್ದು. ಹೋಗಿ ಉಳಿದವರ ಬರಹಕ್ಕಾಗಿ ನಾವು ಮುಂದೆ ನೋಡಬೇಕು.

ಅಣ್ಣಯ್ಯ ಕಂಡ ಚಿತ್ರ

ಉಳಿದವರ ಬರಹದಲ್ಲಿ ನನ್ನ ಮಟ್ಟಿಗೆ ಮೊದಲ ಸ್ಥಾನ ಎ.ಕೆ. ರಾಮಾನುಜನ್ ಅವರ ‘ಅಣ್ಣಯ್ಯನ ಮಾನವಶಾಸ್ತ್ರ’ ಎಂಬ ಸಣ್ಣ ಕತೆಗೆ. ರಾಮಾನುಜನ್ ಮೈಸೂರಿನವರು, ಕೆಲಕಾಲ ಬೆಳಗಾವಿಯಲ್ಲಿ ಪಾಠ ಹೇಳಿದವರು, 1959ರಲ್ಲಿ ಅಮೆರಿಕಕ್ಕೆ ಹೋಗಿ, ಷಿಕಾಗೋದಲ್ಲಿ ಅಧ್ಯಾಪಕರಾಗಿ, 1993ರಲ್ಲಿ ಅಲ್ಲಿಯೇ ತೀರಿಕೊಂಡವರು. ಕನ್ನಡ ಕವಿತೆ ಬರೆಯುವುದನ್ನು ಅವರು ಅಲ್ಲಿ ಬಿಡಲಿಲ್ಲ.

ಕತೆ ಸರಳವಾಗಿದೆ. ಮೈಸೂರಿನ ಅಣ್ಣಯ್ಯ ಷಿಕಾಗೋದಲ್ಲಿ ಓದುತ್ತಿದ್ದಾನೆ. ಊರಲ್ಲಿದ್ದಾಗ ಪರದೇಶದ ಪುಸ್ತಕ ಓದುತ್ತಿದ್ದವನು ಪರದೇಶಕ್ಕೆ ಹೋದ ಮೇಲೆ ತನ್ನ ಜನರ ಬಗ್ಗೆ ಓದತೊಡಗುತ್ತಾನೆ. ಮೈಲಿಗೆ, ಮಡಿ, ಸಂಸ್ಕಾರಗಳನ್ನು ಕುರಿತು ಅಮೆರಿಕದ ವಿದ್ವಾಂಸರಿಗೆ ಇಷ್ಟೊಂದು ಗೊತ್ತಿದೆಯಲ್ಲ ಎಂದು ಅವನಿಗೆ ಸೋಜಿಗ. ಗ್ರಂಥಾಲಯದಲ್ಲಿ ಫರ್ಗ್ಯೂಸನ್ ಎಂಬ ವಿದ್ವಾಂಸನ ಪುಸ್ತಕ ಸಿಗುತ್ತದೆ. ಅದರಲ್ಲಿನ ಛಾಯಾಚಿತ್ರಗಳು ಅವನ ಸೋದರಸಂಬಂಧಿ ಸುಂದರರಾಯ ಕೊಟ್ಟವು. ಪುಟ ತಿರುವುತ್ತ ಹೋದಂತೆ ಪರಿಚಿತ ಮನೆ ಕಾಣುತ್ತದೆ, ಪರಿಚಿತ ಮುಖಗಳು ಕಾಣುತ್ತವೆ. ಕೊನೆಗೆ ಹಿಂದೂ ಶವಸಂಸ್ಕಾರದ ಉದಾಹರಣೆಯಾಗಿ ಅಚ್ಚಾದ ಚಿತ್ರದಲ್ಲಿ ತನ್ನ ತಂದೆಯ ಶವವನ್ನೂ, ವೈಧವ್ಯದ ಉದಾಹರಣೆಯಾಗಿ ತಲೆ ಬೋಳಿಸಿಕೊಂಡ ತನ್ನ ತಾಯಿಯನ್ನೂ ಅವನು ಕಾಣುತ್ತಾನೆ. ತಂದೆ ತೀರಿಕೊಂಡ ಸುದ್ದಿಯನ್ನು ಯಾರೂ ಅವನಿಗೆ ಮುಟ್ಟಿಸಿರಲಿಲ್ಲ.

ಈ ಕತೆಯನ್ನು ಸಾಮಾನ್ಯವಾಗಿ ಪಾಶ್ಚಾತ್ಯ ವಿದ್ವತ್ತಿನ ವಿಡಂಬನೆಯೆಂದು ಓದುವುದುಂಟು. ಬದುಕಿರುವ ಜನರನ್ನು ಮಾದರಿಗಳನ್ನಾಗಿ ಮಾಡುವ ಜ್ಞಾನದ ಕ್ರೌರ್ಯ ಅಲ್ಲಿದೆ, ನಿಜ. ಅಣ್ಣಯ್ಯನ ಮೇಲಿನ ವ್ಯಂಗ್ಯವೂ ಇದೆ: ಕಣ್ಣೆದುರು ಇದ್ದಾಗ ನೋಡದ ಮನೆಯನ್ನು ಅವನು ದೂರದಿಂದ, ಬೇರೆಯವರ ಭಾಷೆಯಲ್ಲಿ ಓದಿ ಕಲಿಯುತ್ತಿದ್ದಾನೆ. ಆದರೆ ಗಡಿಯ ಈ ಊರಿನಲ್ಲಿ ಕುಳಿತು ಓದಿದ ನನಗೆ ಕತೆಯ ಮೂರನೆಯ ಅಪರಾಧಿಯೇ ಹೆಚ್ಚು ಕಾಡಿದ್ದು. ಅದು ಮೈಸೂರಿನ ಆ ಮನೆ. ಮನೆಯ ಸಾವಿನ ಚಿತ್ರ ಪರದೇಶದ ವಿದ್ವಾಂಸನಿಗೆ ಸಿಕ್ಕಿತು, ಸಾವಿನ ಸುದ್ದಿ ಮಗನಿಗೆ ಸಿಗಲಿಲ್ಲ. ರಾಮಾನುಜನ್ ಈ ಬಗ್ಗೆ ಉಪದೇಶವನ್ನೇನೂ ಮಾಡುವುದಿಲ್ಲ. ತಿಳಿಯದೆ ಉಳಿದ ಸುದ್ದಿಯನ್ನು ಪುಸ್ತಕದ ಹಾಳೆಗಳ ನಡುವೆ ಇಟ್ಟು ಸುಮ್ಮನಾಗುತ್ತಾರೆ.

ನನಗಿದು ಹತ್ತಿರದ ಕತೆಯಾಗಲು ಕಾರಣವಿದೆ. ನಾನು ಪುಣೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಗ ನಮ್ಮ ಅಜ್ಜಿ ತೀರಿಕೊಂಡಳು. ನನ್ನನ್ನು ಎತ್ತಿ ಆಡಿಸಿದವಳು, ನನಗೆ ಕನ್ನಡ ಕಲಿಸಿದವಳು. ಪರೀಕ್ಷೆ ಹತ್ತಿರವಿದೆ, ಹುಡುಗನ ಮನಸ್ಸು ಕೆಡುವುದು ಬೇಡ ಎಂದು ಮನೆಯವರು ಸುಮ್ಮನಿದ್ದರು. ಬಸ್ ನಿಲ್ದಾಣದಲ್ಲಿ ಆಕಸ್ಮಿಕವಾಗಿ ಸಿಕ್ಕ ಊರಿನ ಒಬ್ಬರು, ನನಗೆ ಗೊತ್ತಿದೆಯೆಂದೇ ತಿಳಿದು, ಭುಜದ ಮೇಲೆ ಕೈಯಿಟ್ಟು “ನಿಮ್ಮ ಆಯಿ ಪುಣ್ಯವಂತಿ, ನರಳಲಿಲ್ಲ” ಎಂದರು. ಮೂರು ವಾರದ ಹಿಂದೆ ನಡೆದದ್ದು. ಆ ಮೂರು ವಾರಗಳಲ್ಲಿ ಮನೆಯಿಂದ ಬಂದ ಎರಡು ಪತ್ರಗಳಲ್ಲಿ ಜೋಳದ ಬೆಳೆಯ ವಿಷಯವಿತ್ತು, ಅಜ್ಜಿಯ ವಿಷಯವಿರಲಿಲ್ಲ. ಮನೆಯವರು ಪ್ರೀತಿಯಿಂದಲೇ ಹಾಗೆ ಮಾಡಿದರು. ಆದರೆ ಅಂದಿನಿಂದ ಮನೆಯ ಯಾವ ಪತ್ರವನ್ನೂ ನಾನು ಪೂರ್ತಿ ನಂಬಿ ಓದಲಿಲ್ಲ. ಬರೆದದ್ದಕ್ಕಿಂತ ಬರೆಯದೇ ಬಿಟ್ಟದ್ದನ್ನು ಹುಡುಕತೊಡಗಿದೆ. ಪುಣೆ ನಮ್ಮೂರಿಗೆ ಒಂದು ರಾತ್ರಿಯ ದಾರಿ. ಸಮುದ್ರದಾಚೆ ಇರುವವನ ಸ್ಥಿತಿ ಹೇಗಿರಬೇಡ?

ಹೊರಡದೆ ವಲಸೆ ಹೋದವರು

ಇಲ್ಲಿ ಯೆಣೆಗೂರಿನ ಬಗ್ಗೆ ಎರಡು ಮಾತು ಹೇಳಬೇಕು. ‘ಕವಿರಾಜಮಾರ್ಗ’ ಕಾವೇರಿಯಿಂದ ಗೋದಾವರಿಯವರೆಗೆ ಎಂದು ಗುರುತಿಸಿದ ಕನ್ನಡ ನಾಡಿನೊಳಗೆ ನಮ್ಮ ಸೀಮೆ ಬರುತ್ತದೆ. ನಮ್ಮಜ್ಜ ಒಂದೇ ಮನೆಯಲ್ಲಿ ಇದ್ದುಕೊಂಡೇ ನಾಲ್ಕು ರಾಜ್ಯಗಳಲ್ಲಿ ಬಾಳಿದರು. ಮೊದಲು ನಿಜಾಮರ ಸಂಸ್ಥಾನ. 1948ರ ಸೆಪ್ಟೆಂಬರ್ ನಂತರ ಭಾರತದ ಹೈದರಾಬಾದ್ ರಾಜ್ಯ. 1956ರ ನವೆಂಬರ್ 1ರಿಂದ ಮುಂಬಯಿ ರಾಜ್ಯ. 1960ರ ಮೇ 1ರಿಂದ ಮಹಾರಾಷ್ಟ್ರ. ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯಿಂದ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳನ್ನು ತೆಗೆದು ಉಸ್ಮಾನಾಬಾದ್ ಜಿಲ್ಲೆಗೆ ಸೇರಿಸಲಾಯಿತು. 1982ರಲ್ಲಿ ಲಾತೂರ ಜಿಲ್ಲೆಯಾದಾಗ ಅವು ಅಲ್ಲಿಗೆ ಹೋದವು. ಉಮರ್ಗಾ ಉಸ್ಮಾನಾಬಾದಿನಲ್ಲೇ ಉಳಿಯಿತು. ಆ ಜಿಲ್ಲೆಯ ಹೆಸರು ಈಗ ಧಾರಾಶಿವ. ಯಾರೂ ಗಂಟುಮೂಟೆ ಕಟ್ಟಲಿಲ್ಲ, ಯಾರೂ ಹಡಗು ಹತ್ತಲಿಲ್ಲ. ಹೊಸ ನಾಡೇ ನಮ್ಮ ಅಂಗಳಕ್ಕೆ ಬಂದಿಳಿಯಿತು.

ಹೊಸ ನಾಡಿನಲ್ಲಿ ಭಾಷೆ ಯಾವ ಕ್ರಮದಲ್ಲಿ ಹಿಂದೆ ಸರಿಯುತ್ತದೆ ಎಂಬುದನ್ನು ಇಂಥ ಊರುಗಳಲ್ಲಿ ನೋಡಿ ಕಲಿಯಬಹುದು. ಕಚೇರಿಯಲ್ಲಿ ನಮ್ಮ ಕನ್ನಡ ನಿಜಾಮರ ಕಾಲದಲ್ಲೂ ಇರಲಿಲ್ಲ. ಅಲ್ಲಿ ಉರ್ದು ಇತ್ತು, ಆಮೇಲೆ ಮರಾಠಿ ಬಂತು. ಹೊಲದ ಸಾತಬಾರಾ ಮರಾಠಿಯಲ್ಲಿ, ಶಾಲೆಯ ದಾಖಲೆ ಮರಾಠಿಯಲ್ಲಿ. ಕಚೇರಿಯ ನಂತರ ಶಾಲೆ, ಶಾಲೆಯ ನಂತರ ಸಂತೆ. ನನ್ನ ತಂದೆ ಹಣ ಎಣಿಸುತ್ತಿದ್ದದ್ದು ಮರಾಠಿಯಲ್ಲಿ, ಎತ್ತುಗಳನ್ನು ಗದರಿಸುತ್ತಿದ್ದದ್ದು ಕನ್ನಡದಲ್ಲಿ. ಅಡುಗೆಮನೆ, ತೊಟ್ಟಿಲು, ದೇವರ ಜಗಲಿ ಇವು ಕೊನೆಯ ತನಕ ಕನ್ನಡದವಾಗಿ ಉಳಿದವು. ಹೊರಗಿನ ಭಾಷೆ ಕಲಿತದ್ದರಿಂದ ಮನೆಯ ಭಾಷೆ ಹೋಯಿತೆಂದು ನಾನು ಹೇಳಲಾರೆ. ಮರಾಠಿ ನಮಗೆ ಅನ್ನವನ್ನೂ ಗೆಳೆಯರನ್ನೂ ಸಂತರ ಅಭಂಗಗಳನ್ನೂ ಕೊಟ್ಟಿದೆ. ಮನೆಯ ಹಿರಿಯರು ಮಕ್ಕಳೊಡನೆ ಮಾತಾಡುವುದನ್ನು ಬಿಟ್ಟ ಮನೆಗಳಲ್ಲಷ್ಟೇ ಕನ್ನಡ ಹೋಯಿತು.

ಹೊಸ ದೇಶಕ್ಕೆ ಹೋದ ಕನ್ನಡ ಕುಟುಂಬಗಳು ಕೇಳುವ ‘ನಮ್ಮ ಮಕ್ಕಳಿಗೆ ಕನ್ನಡ ಉಳಿಯುತ್ತದೆಯೇ’ ಎಂಬ ಪ್ರಶ್ನೆಗೆ ಯೆಣೆಗೂರಿನ ಉತ್ತರ ಇದು. ಪಾಠದ ಭಾಷೆ ಬೇರೆಯಾಗುವುದು ಖಚಿತ, ಅದಕ್ಕೆ ಅಳಬೇಕಾಗಿಲ್ಲ. ಮಗು ನೀರು ಕೇಳುವುದು, ಸುಳ್ಳು ಹೇಳಿ ಸಿಕ್ಕಿಬೀಳುವುದು, ಅಜ್ಜಿಯೊಡನೆ ಜಗಳವಾಡುವುದು ಯಾವ ಭಾಷೆಯಲ್ಲಿ ಎಂಬುದನ್ನು ಗಮನಿಸಿದರೆ ಸಾಕು.

ಮುಂಬಯಿಯಿಂದ ಮಿನ್ನೆಸೋಟಾಕ್ಕೆ

ಅಮೆರಿಕಕ್ಕಿಂತ ಮೊದಲು ಕನ್ನಡಿಗರ ಪರದೇಶವಾಗಿದ್ದದ್ದು ಮುಂಬಯಿ. ವ್ಯಾಸರಾಯ ಬಲ್ಲಾಳರ ‘ಬಂಡಾಯ’, ಯಶವಂತ ಚಿತ್ತಾಲರ ‘ಶಿಕಾರಿ’, ಜಯಂತ ಕಾಯ್ಕಿಣಿಯವರ ಕತೆಗಳು ಆ ನಗರವನ್ನು ನೆಲೆಸಿದವರ ಕಣ್ಣಿನಿಂದ ಕಂಡವು. 1979ರ ‘ಶಿಕಾರಿ’ಯ ನಾಗಪ್ಪ ಮುಂಬಯಿಗೆ ಹೊಸಬನಲ್ಲ, ದೊಡ್ಡ ಕಂಪನಿಯಲ್ಲಿ ಮೇಲೇರಿದವನು. ಒಂದು ದಿನ ಕಾರಣ ತಿಳಿಯದೆ ಅವನನ್ನು ಕೆಲಸದಿಂದ ಅಮಾನತಿನಲ್ಲಿಡುತ್ತಾರೆ. ಆಗ ಅವನು ಯಾರು, ಎಲ್ಲಿಯವನು, ಅವನ ಹಿಂದಿನ ಕತೆಯೇನು ಎಂಬುದೆಲ್ಲ ಮತ್ತೆ ವಿಚಾರಣೆಗೆ ಬರುತ್ತದೆ. ಇದರಿಂದ ಹೊಸಬ ತಿಳಿಯಬೇಕಾದದ್ದು ಇಷ್ಟು: ಬಂದಿಳಿಯುವುದು ಒಂದು ದಿನದ ಕೆಲಸವಲ್ಲ. ಇಪ್ಪತ್ತು ವರ್ಷ ಕಳೆದ ಮೇಲೂ ಒಂದು ಕಾಗದ ಬಂದು ಅವನನ್ನು ಮತ್ತೆ ಹೊಸ್ತಿಲಿಗೆ ತಂದು ನಿಲ್ಲಿಸಬಹುದು.

ಗುರುಪ್ರಸಾದ ಕಾಗಿನೆಲೆಯವರ ‘ಹಿಜಾಬ್’ ಕಾದಂಬರಿ ಈ ಹೊಸ್ತಿಲಿನ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ಮಿನ್ನೆಸೋಟಾದ ಅಮೋಕ ಎಂಬ ಸಣ್ಣ ಊರಿನಲ್ಲಿ ಕನ್ನಡದ ವೈದ್ಯರಿದ್ದಾರೆ. ಅಮೆರಿಕದಲ್ಲಿ ಉಳಿಯಬೇಕಾದರೆ ವೈದ್ಯರ ಕೊರತೆಯಿರುವ ಇಂಥ ಊರುಗಳಲ್ಲಿ ಕೆಲವು ವರ್ಷ ದುಡಿಯಬೇಕೆಂಬ ವೀಸಾ ನಿಯಮಕ್ಕೆ ಒಳಗಾಗಿ ಬಂದವರು. ಅದೇ ಊರಿಗೆ ಆಫ್ರಿಕಾದಿಂದ ನಿರಾಶ್ರಿತರಾಗಿ ಬಂದ ಸಮುದಾಯವೊಂದಿದೆ. ಹೆರಿಗೆಯ ಶಸ್ತ್ರಚಿಕಿತ್ಸೆಯನ್ನು ಒಪ್ಪದ ಆ ಹೆಂಗಸರು ಮತ್ತು ಅವರನ್ನು ಉಳಿಸಲೇಬೇಕಾದ ಈ ವೈದ್ಯರು ಎದುರುಬದುರಾಗುತ್ತಾರೆ. ಇಬ್ಬರೂ ವಲಸಿಗರೇ. ಆದರೆ ಒಬ್ಬರು ಮೇಜಿನ ಈಚೆ, ಇನ್ನೊಬ್ಬರು ಆಚೆ. ನಿನ್ನೆ ತನ್ನ ಕಾಗದಗಳನ್ನು ಯಾರ ಮುಂದೋ ಹಿಡಿದು ನಿಂತಿದ್ದವನು ಇಂದು ಇನ್ನೊಬ್ಬರ ನಂಬಿಕೆಯನ್ನು ಅಳೆಯುವ ಸ್ಥಾನದಲ್ಲಿದ್ದಾನೆ.

ಅನಿವಾಸಿ ಬರಹವೆಂದರೆ ಹಳಹಳಿಕೆ, ಮಳೆ ಬಂದರೆ ಮಲೆನಾಡು, ಹಬ್ಬ ಬಂದರೆ ಹೋಳಿಗೆ ಎಂಬ ದೂರು ನಮ್ಮ ವಿಮರ್ಶೆಯಲ್ಲಿ ಹಳೆಯದು. ಆ ದೂರಿಗೆ ‘ಹಿಜಾಬ್’ ಗಟ್ಟಿಯಾದ ಉತ್ತರ. ಊರಿನ ನೆನಪಿಗಿಂತ ಎದುರಿನ ಮನುಷ್ಯನ ಬಗೆಗಿನ ಹೊಣೆ ಇಲ್ಲಿ ದೊಡ್ಡದು. ಕೊರತೆಯನ್ನೂ ಹೇಳಬೇಕು. ಆ ಹೆಂಗಸರು ನಮಗೆ ಕಾಣುವುದು ಬಹುಪಾಲು ವೈದ್ಯರ ಕಣ್ಣಿನ ಮೂಲಕ. ಅವರ ಅಡುಗೆಮನೆಯ ಮಾತು ನಮಗೆ ಕೇಳುವುದಿಲ್ಲ. ಅಣ್ಣಯ್ಯನ ತಾಯಿ ಇನ್ನೊಬ್ಬರ ಪುಸ್ತಕದಲ್ಲಿ ಚಿತ್ರವಾದಂತೆ ಇವರೂ ಆಗುವ ಅಪಾಯ ಇದೆ. ಕಾದಂಬರಿ ಆ ಅಪಾಯವನ್ನು ಬಲ್ಲದು ಎಂಬುದೇ ಅದರ ಹೆಚ್ಚುಗಾರಿಕೆ. ಪೂರ್ತಿ ದಾಟಿದೆ ಎಂದು ನನಗೆ ಅನ್ನಿಸುವುದಿಲ್ಲ.

ಬಾಗಿಲು ತೆರೆಯುವ ಮನೆ

ನಾವು ಹೋಗುವ ಕತೆಗಳನ್ನೇ ಓದುತ್ತ ನಮ್ಮಲ್ಲಿಗೆ ಬಂದವರ ಕತೆಯನ್ನು ಮರೆಯಬಾರದು. ನೇಮಿಚಂದ್ರ ಅವರ ‘ಯಾದ್ ವಶೇಮ್’ (2007) ಅಂಥ ಕಾದಂಬರಿ. ನಾಜಿಗಳ ಜರ್ಮನಿಯಿಂದ ತಪ್ಪಿಸಿಕೊಂಡು ತಂದೆಯೊಡನೆ ಬೆಂಗಳೂರಿಗೆ ಬಂದ ಯಹೂದಿ ಹುಡುಗಿ ಹ್ಯಾನಾ, ಕನ್ನಡದ ಮನೆಯಲ್ಲಿ ಬೆಳೆದು ಅನಿತಾ ಆಗುತ್ತಾಳೆ. ಎಷ್ಟೋ ವರ್ಷಗಳ ನಂತರ, ಕಳೆದುಹೋದ ತನ್ನವರಿಗೆ ಏನಾಯಿತೆಂದು ಹುಡುಕಿ ಹೊರಡುತ್ತಾಳೆ. ನಮ್ಮ ಹುಡುಗ ಹೋಗುತ್ತಿರುವ ದೇಶದಿಂದಲೇ ಒಬ್ಬ ಹುಡುಗಿ ನಮ್ಮಲ್ಲಿಗೆ ಬಂದಳೆಂಬುದನ್ನು ಓದುವಾಗ ನಕಾಶೆ ತಿರುಗಿ ನಿಂತಂತಾಗುತ್ತದೆ. ಬಂದವಳಿಗೆ ಬೇಕಾದದ್ದು ದೇಶವಲ್ಲ, ಒಂದು ಮನೆ. ಆ ಮನೆ ಅವಳಿಗೆ ಸಿಕ್ಕಿತು. ಆದರೆ ಒಳ್ಳೆಯ ಮನೆ ಸಿಕ್ಕಿದ್ದರಿಂದ ಹಳೆಯ ಮನೆಯ ಪ್ರಶ್ನೆ ಮುಗಿಯಲಿಲ್ಲ. ಇಲ್ಲಿಯೂ ಕಾಡುವುದು ತಿಳಿಯದೇ ಉಳಿದ ಸುದ್ದಿಯೇ.

ಬಂದವರನ್ನು ಬರಮಾಡಿಕೊಳ್ಳುವ ವಿಷಯದಲ್ಲಿ ನಮ್ಮ ಪಕ್ಕದಲ್ಲೇ, ಗಡಿ ದಾಟಿದರೆ ಸಿಗುವ ಬಸವಕಲ್ಯಾಣವನ್ನು ನೆನೆಯದೆ ಇರಲಾಗದು. ಹನ್ನೆರಡನೆಯ ಶತಮಾನದ ಕಲ್ಯಾಣ ಹೊರಗಿನವರು ಬಂದು ಕಟ್ಟಿದ ಊರು. ಕಾಶ್ಮೀರದ ಅರಸನಾಗಿದ್ದವನು ಬಂದು ಕಟ್ಟಿಗೆ ಮಾರುವ ಮೋಳಿಗೆಯ ಮಾರಯ್ಯನಾದನೆಂದು ಐತಿಹ್ಯ ಹೇಳುತ್ತದೆ. ಉಡುತಡಿಯಿಂದ ಒಂಟಿಯಾಗಿ ನಡೆದು ಬಂದ ಅಕ್ಕಮಹಾದೇವಿಯನ್ನು ಕಲ್ಯಾಣ ಕೂಡಲೇ ಒಳಗೆ ಕರೆಯಲಿಲ್ಲ. ‘ಶೂನ್ಯಸಂಪಾದನೆ’ಯಲ್ಲಿ ಆ ಪ್ರಸಂಗ ಬಹಳ ನಿಷ್ಠುರವಾಗಿದೆ: ಗಂಡನಾರು, ಉಡುಗೆ ತೊರೆದವಳಿಗೆ ಕೂದಲಿನ ಮರೆ ಏಕೆ ಎಂದು ಅಲ್ಲಮಪ್ರಭು ಕೇಳುತ್ತಾರೆ. ಇಂದಿನ ಯಾವ ವೀಸಾ ಸಂದರ್ಶನವೂ ಅಷ್ಟು ಒಳಗಿನ ಪ್ರಶ್ನೆ ಕೇಳಲಾರದು. ಆದರೆ ಒಂದು ವ್ಯತ್ಯಾಸವಿದೆ. ಆ ಪ್ರಶ್ನೆಗಳನ್ನು ಮುಖಾಮುಖಿಯಾಗಿ ಕೇಳಲಾಯಿತು, ಅವಳ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಲಾಯಿತು, ಉತ್ತರ ಕೇಳಿದ ಮೇಲೆ ಕೇಳಿದವರೇ ತಲೆಬಾಗಿದರು. ಮುಂದೆ ಅದೇ ಕಲ್ಯಾಣ ಕದಡಿ, ಚೆನ್ನಬಸವಣ್ಣನವರೊಡನೆ ಶರಣರು ಉಳವಿಯ ಕಾಡಿಗೆ ಹೋಗಬೇಕಾಯಿತು. ಬಾಗಿಲು ತೆರೆದವರೇ ಇನ್ನೊಬ್ಬರ ಬಾಗಿಲು ತಟ್ಟುವ ಕಾಲ ಬರುತ್ತದೆ. ಆತಿಥ್ಯ ಕೊಡುವವನಿಗೂ ಪಡೆಯುವವನಿಗೂ ಇದು ಗೊತ್ತಿರಬೇಕು.

ಬರೆಯದೇ ಉಳಿದ ಬರಹ

ಇಷ್ಟೆಲ್ಲ ಓದಿದ ಮೇಲೂ ಕಪಾಟಿನಲ್ಲಿ ಖಾಲಿ ಜಾಗಗಳು ಉಳಿಯುತ್ತವೆ. ನಮ್ಮ ವಲಸೆ ಸಾಹಿತ್ಯ ಬಹುಮಟ್ಟಿಗೆ ಓದಿದವರ, ಕೆಲಸದ ಪತ್ರ ಹಿಡಿದು ಹೋದವರ ಸಾಹಿತ್ಯ. ಪ್ರತಿ ವರ್ಷ ದೀಪಾವಳಿಯ ಸುಮಾರಿಗೆ ಮರಾಠವಾಡದ ಹಳ್ಳಿಗಳಿಂದ ಸಾವಿರಾರು ಕುಟುಂಬಗಳು ಮಕ್ಕಳುಮರಿಗಳೊಡನೆ ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಹೋಗುತ್ತವೆ. ಸಕ್ಕರೆ ಕಾರ್ಖಾನೆಯ ಸುತ್ತ ಗುಡಿಸಲು ಹಾಕಿಕೊಂಡು ಬೇಸಿಗೆಯ ತನಕ ಇದ್ದು ಮರಳುತ್ತವೆ. ಭಾಷೆ ಬೇರೆ, ಶಾಲೆ ಇಲ್ಲ, ರೇಷನ್ ಚೀಟಿ ಹಿಂದಿನ ಊರಿನದು. ವರ್ಷಕ್ಕೊಮ್ಮೆ ಹೊಸ ನಾಡಿನಲ್ಲಿ ಬಂದಿಳಿಯುವ ಇವರಿಗೆ ಏನನ್ನು ನಿರೀಕ್ಷಿಸಬೇಕೆಂದು ಯಾರೂ ಬರೆದುಕೊಟ್ಟಿಲ್ಲ. ಅವರು ಏನು ಕಂಡರೆಂದು ನಾವೂ ಕೇಳಿಲ್ಲ.

ಇನ್ನೊಂದು ಖಾಲಿ ಜಾಗ ಹೆಣ್ಣುಮಕ್ಕಳದು. ಗಂಡನ ವೀಸಾದ ನೆರಳಿನಲ್ಲಿ ಹೋಗಿ, ತಾನು ಕಲಿತ ವಿದ್ಯೆಗೆ ಅಲ್ಲಿ ಕೆಲಸ ಮಾಡುವ ಅನುಮತಿ ಇಲ್ಲದೆ, ಮಂಜು ಬೀಳುವ ಕಿಟಕಿಯ ಬಳಿ ಕುಳಿತ ಸೊಸೆಯಂದಿರು ನಮ್ಮ ಅನೇಕ ಮನೆಗಳಲ್ಲಿದ್ದಾರೆ. ಬಾಣಂತನಕ್ಕೆಂದು ಹೋಗಿ ಆರು ತಿಂಗಳು ಮೊಮ್ಮಗುವನ್ನು ಆಡಿಸಿ ಬಂದ ಅಜ್ಜಿಯರೂ ಇದ್ದಾರೆ. ಅಮೆರಿಕದಲ್ಲಿ 2003ರಲ್ಲಿ ಆರಂಭವಾದ ಕನ್ನಡ ಸಾಹಿತ್ಯ ರಂಗದಂಥ ಸಂಸ್ಥೆಗಳು ಅಲ್ಲಿನ ಬರಹಗಾರರನ್ನು ಒಂದು ವೇದಿಕೆಗೆ ತಂದಿವೆ. ಆದರೆ ಇಲ್ಲಿ ಉಳಿದವರ ಮಾತನ್ನು, ಹೋಗಿ ಬಂದ ಈ ಹೆಂಗಸರ ಮಾತನ್ನು ಸಂಗ್ರಹಿಸುವ ಕೆಲಸ ನಮ್ಮಂಥ ಊರಿನ ಸಂಘಗಳದು. ಸಮ್ಮೇಳನದ ಒಂದು ಗೋಷ್ಠಿಯನ್ನು ಇದಕ್ಕೆ ಮೀಸಲಿಟ್ಟು, ಅಜ್ಜಿಯರನ್ನು ವೇದಿಕೆಯ ಮೇಲೆ ಕೂರಿಸಿ, ಪ್ರಶ್ನೆ ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಂಡರೆ ಕಲ್ಯಾಣದ ರೀತಿಗೆ ನಾವು ಸ್ವಲ್ಪ ಹತ್ತಿರ ಹೋದಂತಾಗುತ್ತದೆ.

ಹುಡುಗನಿಗೆ ಕೊಟ್ಟ ಉತ್ತರ

ಅಣ್ಣನ ಮಗನಿಗೆ ನಾನು ಎರಡು ಪುಸ್ತಕ ಕೊಟ್ಟೆ. ಗೊರೂರರದು ನಗುವುದಕ್ಕೆ, ‘ಯಾದ್ ವಶೇಮ್’ ತಾನು ಇಳಿಯುವ ನೆಲದ ಹಿಂದಿನ ನೋವು ತಿಳಿದಿರಲಿ ಎಂಬುದಕ್ಕೆ. ಅಣ್ಣಯ್ಯನ ಕತೆಯನ್ನು ಅವನಿಗೆ ಕೊಡಲಿಲ್ಲ. ಅದನ್ನು ಅವನು ಹೋದ ಮೇಲೆ ಮನೆಯ ಪಡಸಾಲೆಯಲ್ಲಿ ಕುಳಿತು ಅಣ್ಣ ಅತ್ತಿಗೆಯರಿಗೆ ಓದಿ ಹೇಳಿದೆ. ಅತ್ತಿಗೆ ಕೇಳಿ ಏನೂ ಮಾತಾಡದೆ ಎದ್ದು ಒಳಗೆ ಹೋದರು. ಅಣ್ಣ ಮಾತ್ರ, “ಇದು ಕತಿ ಅಲ್ಲ, ನಮ್ಮ ಮನಿದೇ ಮಾತು” ಎಂದ. ಅಜ್ಜಿಯ ಸಾವನ್ನು ನನ್ನಿಂದ ಮುಚ್ಚಿಟ್ಟವರಲ್ಲಿ ಅವನೂ ಒಬ್ಬ.

ಕೆಲವು ತಿಂಗಳ ನಂತರ ಅತ್ತಿಗೆಗೆ ಸೊಲ್ಲಾಪುರದಲ್ಲಿ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಹುಡುಗನಿಗೆ ಆಗ ಅಲ್ಲಿ ಪರೀಕ್ಷೆ. ಹೇಳುವುದು ಬೇಡ ಎಂಬ ಮಾತು ಮನೆಯಲ್ಲಿ ಮೊದಲು ಬಂದದ್ದು ಸಹಜ. ಆಸ್ಪತ್ರೆಗೆ ಹೊರಡುವ ಹಿಂದಿನ ರಾತ್ರಿ ಅತ್ತಿಗೆಯೇ ಫೋನ್ ತೆಗೆದುಕೊಂಡು ಮಗನಿಗೆ ಎಲ್ಲವನ್ನೂ ಹೇಳಿದರು. ಹುಡುಗ ಅತ್ತ. ಮರುದಿನ ಪರೀಕ್ಷೆಗೂ ಹೋದ. ಈಗ ಅವನು ಫೋನ್ ಮಾಡಿದಾಗ “ಎಲ್ಲಾ ಆರಾಮ” ಎಂದು ಇವರು ಹೇಳಿದರೆ ನಂಬುತ್ತಾನೆ. ನಂಬಲು ಅವನಿಗೆ ಆಧಾರ ಸಿಕ್ಕಿದೆ.

ಹೊಸ ನಾಡಿನಲ್ಲಿ ಇಳಿಯುವವರು ಏನನ್ನು ನಿರೀಕ್ಷಿಸಬೇಕು ಎಂಬ ಪ್ರಶ್ನೆಗೆ ನನ್ನ ಕಪಾಟು ಕೊಡುವ ಉತ್ತರವನ್ನು ಹೀಗೆ ಸಂಗ್ರಹಿಸಬಹುದು. ಅಲ್ಲಿ ನಿಮ್ಮನ್ನು ಮೊದಲು ಗುರುತಿಸುವುದು ಕಾಗದ, ಮನುಷ್ಯರು ಗುರುತಿಸಲು ಕಾಲ ಬೇಕು. ಬಂದಿಳಿಯುವ ಕೆಲಸ ಬಹಳ ವರ್ಷ ನಡೆಯುತ್ತದೆ. ನಿಮಗಿಂತ ಹೊಸಬರು ನಿಮ್ಮ ಬಾಗಿಲಿಗೂ ಬರುತ್ತಾರೆ, ಆಗ ನೀವು ಹೇಗೆ ನಡೆದುಕೊಂಡಿರಿ ಎಂಬುದರಿಂದಲೇ ನೀವು ಆ ನಾಡಿನವರಾದಿರೋ ಇಲ್ಲವೋ ತಿಳಿಯುತ್ತದೆ. ಬಿಟ್ಟು ಬಂದ ಮನೆ ನಿಮಗಾಗಿ ಹಾಗೆಯೇ ನಿಂತಿರುವುದಿಲ್ಲ. ಈ ಕೊನೆಯ ಮಾತು ಹೋದವರಿಗಿಂತ ಹೆಚ್ಚಾಗಿ ಉಳಿದವರಿಗೆ ಹೇಳಿದ್ದು. ಈ ಸಂಚಿಕೆಯನ್ನು ಓದುವ ಮನೆಗಳಲ್ಲಿ ಒಬ್ಬರಾದರೂ ದೂರದಲ್ಲಿರುತ್ತಾರೆ. ಜೋಳದ ಬೆಳೆಯ ಸುದ್ದಿಯನ್ನು ಅವರಿಗೆ ಹೇಳಿ, ಅಜ್ಜಿಯ ಸುದ್ದಿಯನ್ನೂ ಹೇಳಿ. ನಿಮ್ಮ ಬಾಯಿಂದ, ನಿಮ್ಮ ಮಾತಿನಲ್ಲಿ, ತಡಮಾಡದೆ ಹೇಳಿ.